ನಾನು ಹೊಲಿಯದ ಗಂಟು

ಅಂದು ಬೆಳಿಗ್ಗೆ ಮಾಡಿದ ಕೆಲಸಗಳು ಇಷ್ಟು. ನಾಲ್ಕೂಮುಕ್ಕಾಲಿಗೆ ಎದ್ದೆ. ಅಕ್ಕನ ಎಡಮಂಡಿಗೆ ಐಸ್ ಚೀಲ ಇಟ್ಟು ಇಪ್ಪತ್ತು ನಿಮಿಷ ಗಡಿಯಾರ ನೋಡುತ್ತ ಕುಳಿತೆ. ಅವಳ ಮಾತ್ರೆಗಳನ್ನು ವಾರದ ಏಳು ಮನೆಗಳ ಡಬ್ಬಿಗೆ ತುಂಬಿದೆ. ಹಾಲು ಕಾಯಿಸಿ ಹೆಪ್ಪು ಹಾಕಿದೆ. ಮಧ್ಯಾಹ್ನದ ಹುಳಿಗೆ ಬೇಳೆ ಬೇಯಿಸಿಟ್ಟೆ. ದಾರಿಗೆಂದು ಆರು ಚಪಾತಿ ಲಟ್ಟಿಸಿ, ಆಲೂಗಡ್ಡೆ ಪಲ್ಯ ಒಳಗಿಟ್ಟು ಸುತ್ತಿ, ಫಾಯಿಲ್‌ನಲ್ಲಿ ಮಡಿಸಿದೆ. ಸೂಟ್‌ಕೇಸಿನ ಜಿಪ್ ಎಳೆದೆ. ಮತ್ತೆ ತೆರೆದು, ಆಂಟಿ ಕೊಟ್ಟ ಗಂಟನ್ನು ಮೇಲಿನಿಂದ ತೆಗೆದು ತಳಕ್ಕೆ ಹಾಕಿ, ಅದರ ಮೇಲೆ ನನ್ನ ಎರಡು ಚೂಡಿದಾರ ಹೊದಿಸಿ, ಮತ್ತೆ ಎಳೆದೆ.

ಅಕ್ಕ ಇರುವುದು ಟೊರಾಂಟೊ ಹತ್ತಿರ. ನಾವಿರುವುದು ಗಡಿಯ ಈಚೆ, ಮಿಷಿಗನ್ನಿನ ಟ್ರಾಯ್‌ನಲ್ಲಿ. ಅವಳ ಮಂಡಿ ಆಪರೇಷನ್ ಆಗಿ ಎರಡು ವಾರ ನಾನು ಅಲ್ಲಿದ್ದೆ; ಆ ದಿನ ಹೊರಟಿದ್ದೆ. ಟ್ರಾಯ್‌ನಲ್ಲಿ ಹಾಲು ತರುವುದಕ್ಕೂ ಕಾರು ಬೇಕು. ನಾನು ಅಂಗಡಿಯವರೆಗೆ, ದೇವಸ್ಥಾನದವರೆಗೆ ಡ್ರೈವ್ ಮಾಡುತ್ತೇನೆ, ಹೈವೇ ಮಾತ್ರ ಹತ್ತಲಾರೆ. ಆದ್ದರಿಂದ ನಮ್ಮ ಮನೆಯವರು ನನ್ನನ್ನು ಗಡಿಯ ನದಿಯ ಕೆಳಗಿನ ಸುರಂಗ ದಾಟಿಸಿ ವಿಂಡ್ಸರ್ ಸ್ಟೇಷನ್ನಿನಲ್ಲಿ ಬಿಡುತ್ತಾರೆ. ಅಲ್ಲಿಂದ ಅಕ್ಕನ ಊರಿಗೆ ರೈಲು. ಬರುವಾಗ ಅದೇ ರೈಲು, ಅದೇ ಸ್ಟೇಷನ್, ಅವರದೇ ಕಾರು. ಯಾರನ್ನೂ ಕಾಡದೆ ಕಿಟಕಿಯ ಪಕ್ಕ ಕುಳಿತು ನಾನೊಬ್ಬಳೇ ಹೋಗಿಬರಬಹುದಾದ ನಾಲ್ಕೂವರೆ ಗಂಟೆಯ ದಾರಿ ಅದು. ಇಷ್ಟು ವರ್ಷಗಳಲ್ಲಿ ಅದರ ಬಗ್ಗೆ ಹೆದರಿದ್ದೇ ಇಲ್ಲ.

ಆ ಎರಡು ವಾರಗಳಲ್ಲಿ ಹೆದರಿಕೆ ಬಂದಿತ್ತು. ಗಡಿಯ ಕಡೆಗೆ ಹೋಗುವ ರೈಲುಗಳಲ್ಲಿ ಬಾಂಬ್ ಇಡುತ್ತೇವೆಂದು ಯಾರೋ ಬೆದರಿಕೆ ಹಾಕುತ್ತಿದ್ದರು. ಎರಡು ಸಲ ರೈಲು ನಿಲ್ಲಿಸಿ ಜನರನ್ನು ಇಳಿಸಿದ್ದರು, ಏನೂ ಸಿಕ್ಕಿರಲಿಲ್ಲ. ಭಾವ ನಕ್ಕುಬಿಟ್ಟರು. "ಯಾವನೋ ಮನೇಲಿ ಕೂತ್ಕೊಂಡು ಫೋನ್ ಮಾಡ್ತಾನೆ ಅಷ್ಟೇ." ಅಕ್ಕ ನಗಲಿಲ್ಲ. "ನೀವು ಸುಮ್ನಿರಿ. ಲೇ, ಬಸ್ಸಲ್ಲಿ ಹೋಗೇ," ಎಂದಳು. ಬಸ್ಸಿನಲ್ಲಿ ನನಗೆ ವಾಂತಿ. ರೈಲೇ ಎಂದೆ.

ಇನ್ನು ಗಂಟಿನ ವಿಷಯ. ಹಿಂದಿನ ಸಂಜೆ ಅಕ್ಕನ ಮನೆಯ ಮೇಲಿನ ಮಹಡಿಯ ಆಂಟಿ ಬಂದರು. ಧಾರವಾಡದ ಕಡೆಯವರು, ಎಪ್ಪತ್ತು ದಾಟಿದೆ, ಮಗನ ಮನೆಯಲ್ಲಿದ್ದಾರೆ. ನಾನು ಅವರನ್ನು ನೋಡಿದ್ದು ಲಿಫ್ಟಿನಲ್ಲಿ ನಾಲ್ಕೈದು ಸಲ.

"ನಾಳೆ ಹೊಂಟೀಯಂತಲ್ಲವಾ?"

"ಹೌದು ಆಂಟಿ, ಬೆಳಿಗ್ಗೆ ಟ್ರೈನು."

"ನನ್ ಮಗಳು ಇಟಾಸ್ಕಾದಾಗ ಅದಾಳ. ನಿಮ್ಮನಿಯವ್ರು ಆ ಕಡೆ ಹೋಗಿ ಬರ್ತಿರ್ತಾರಂತ ನಿಮ್ಮಕ್ಕ ಹೇಳಿದ್ಲು. ಒಂದ್ ಸಣ್ಣ ಗಂಟೈತಿ, ಒಯ್ತೀಯೇನು?"

ಅಕ್ಕ ಸೋಫಾದಿಂದಲೇ ಕೂಗಿದಳು. "ಸಣ್ಣದು ಅಂದ್ರೆ ಎಷ್ಟು ಸಣ್ಣದು ಆಂಟಿ? ಹೋದ್ಸಲ ಸಣ್ಣದು ಅಂತ ನಮ್ಮೆಜಮಾನ್ರ ಕೈಲಿ ಗ್ರೈಂಡರ್ ಕಲ್ಲು ಹೊರಿಸಿದ್ರಿ!"

"ಕಲ್ಲು ಒಮ್ಮೆ ಆತಲ್ಲವಾ, ಮತ್ತ ಯಾಕ ಕಳಸ್ಲಿ," ಎಂದು ಆಂಟಿ ಮೇಲೆ ಹೋಗಿ ಗಂಟು ತಂದರು. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ನಾಲ್ಕೂ ಕಡೆ ದಪ್ಪ ದಾರದಿಂದ ಒತ್ತಾಗಿ ಹೊಲಿದು, ಹೊಲಿಗೆಯ ಮೇಲೆ ಕಂದು ಟೇಪು ಹಚ್ಚಿದ್ದರು. ಮೊಳದಷ್ಟೂ ಉದ್ದವಿಲ್ಲ; ಎತ್ತಿದರೆ ಕೈ ಕೆಳಗೆ ಜಗ್ಗಿತು.

"ಕೆಡವಬ್ಯಾಡ ಮತ್ತ. ಜ್ವಾಕಿ," ಎಂದರು ಬಾಗಿಲಲ್ಲಿ. ರಾತ್ರಿ ಊಟದ ಹೊತ್ತಿಗೆ ಫೋನು ಮಾಡಿ ಮತ್ತೆ ಅದೇ ಮಾತು. ಬೆಳಿಗ್ಗೆ ನಾನು ಲಿಫ್ಟಿಗೆ ಕಾಯುವಾಗ ನೈಟಿಯಲ್ಲೇ ಮೆಟ್ಟಿಲಿಳಿದು ಬಂದು ಮೂರನೆಯ ಸಲ.

ಒಳಗೇನಿದೆ ಎಂದು ನಾನು ಕೇಳಲಿಲ್ಲ. ಕೇಳುವ ರೂಢಿ ನಮ್ಮಲ್ಲಿಲ್ಲ. ಕೇಳಿದರೆ ನಂಬಿಕೆ ಇಲ್ಲವೆಂದಾಗುತ್ತದೆ. ಬೇಡ ಎನ್ನುವುದೂ ನನ್ನಿಂದಾಗದು. ಟ್ರಾಯ್‌ಗೆ ಬರುವ ಮೊದಲು ನಾವು, ಇಲ್ಲಿಂದ ಕಾರಿನಲ್ಲಿ ಐದು ಗಂಟೆ ದೂರದ ಇಟಾಸ್ಕಾದಲ್ಲೇ ನಾಲ್ಕು ವರ್ಷ ಇದ್ದೆವು. ಮಗಳು ಹುಟ್ಟಿದಾಗ ಅವಳ ಬೆಳ್ಳಿ ಕಾಲ್ಗೆಜ್ಜೆ ಮೈಸೂರಿನಿಂದ ನಾಲ್ಕು ಜನರ ಕೈ ದಾಟಿ ನಮ್ಮ ಮನೆ ಸೇರಿತ್ತು. ಆ ನಾಲ್ವರಲ್ಲಿ ಮೂವರ ಮುಖವನ್ನೂ ನಾನು ನೋಡಿಲ್ಲ. ಅವರೂ ಬಿಚ್ಚಿ ನೋಡಿರಲಿಲ್ಲ. ಈಗ ನಮ್ಮವರಿಗೆ ಡಿಯರ್‌ಬಾರ್ನ್‌ನಲ್ಲಿ ಕೆಲಸ, ಎರಡು ವಾರಕ್ಕೊಮ್ಮೆ ಶುಕ್ರವಾರ ಇಟಾಸ್ಕಾದ ಆಫೀಸಿಗೆ ಹೋಗುತ್ತಾರೆ. ಆದ್ದರಿಂದ ಆ ಕಡೆಯ ಗಂಟುಗಳೆಲ್ಲ ನಮ್ಮ ಮನೆಯ ಮೂಲಕವೇ.

ರೈಲು ಹತ್ತಿದ ಮೇಲೆ ಅವರಿಗೆ ಫೋನು ಮಾಡಿ ಗಂಟಿನ ಸುದ್ದಿ ಹೇಳಿದೆ.

"ಇಂಥ ಟೈಮಲ್ಲಿ ಯಾಕೆ ತಗೊಂಡೆ? ಇರ್ಲಿ. ಯಾರು ಏನ್ ಕೇಳಿದ್ರೂ ಯೆಸ್, ನೋ ಅಷ್ಟೇ. ಕಥೆ ಶುರು ಮಾಡ್ಬೇಡ."

"ಯಾರಾದ್ರೂ ಏನಾದ್ರೂ ಕೊಟ್ಟಿದಾರಾ ಅಂದ್ರೆ?"

"ನೋ ಅನ್ನು. ಎಲ್ಲರೂ ನೋ ಅನ್ನೋದೇ."

ಅವರ ಭಯ ನನಗೆ ಗೊತ್ತಿತ್ತು. ಹನ್ನೊಂದು ವರ್ಷದಿಂದ ನಾವು ಗ್ರೀನ್ ಕಾರ್ಡಿಗೆ ಕಾಯುತ್ತಿದ್ದೇವೆ. ನನ್ನ ಕೈಯಲ್ಲಿದ್ದದ್ದು ಹೊರಗೆ ಹೋಗಿ ಮರಳಿ ಬರಲು ಕೊಟ್ಟ ಒಂದು ಹಾಳೆಯ ಅನುಮತಿ ಪತ್ರ. ಸುರಂಗದ ಆ ಕಡೆಯ ಅಧಿಕಾರಿ ತಲೆ ಅಲ್ಲಾಡಿಸಿದರೆ ಆ ಹಾಳೆ ಬರಿಯ ಹಾಳೆ. ಹದಿನಾರು ವರ್ಷದ ಮಗಳು ನದಿಯ ಆ ಕಡೆ, ನಾನು ಈ ಕಡೆ. ಪ್ರತಿ ಸಲ ಗಡಿ ದಾಟುವಾಗ ಆ ಪತ್ರ ಪರ್ಸಿನಲ್ಲಿದೆಯೇ ಎಂದು ಐದು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ.

ವಿಂಡ್ಸರ್ ಇನ್ನು ಹತ್ತು ನಿಮಿಷವಿದೆ ಎನ್ನುವಾಗ ರೈಲು ನಿಂತಿತು. ಕಿಟಕಿಯಾಚೆ ಜೋಳದ ಹೊಲ. ಅರ್ಧ ಗಂಟೆ ಯಾರೂ ಏನೂ ಹೇಳಲಿಲ್ಲ. ಪಕ್ಕದ ಸೀಟಿನಲ್ಲಿ ಡೆಟ್ರಾಯಿಟ್‌ಗೆ ಮೊಮ್ಮಗನನ್ನು ನೋಡಲು ಹೊರಟಿದ್ದ ಬಿಳಿ ಹೆಂಗಸೊಬ್ಬರು ಇದ್ದರು. ಅವರ ನೀರು ಮುಗಿದಿತ್ತು, ನನ್ನ ಬಾಟಲಿಯಿಂದ ಕೊಟ್ಟೆ. ಆಮೇಲೆ ರೈಲು ನಡೆಯುವಷ್ಟೇ ವೇಗದಲ್ಲಿ ಸ್ಟೇಷನ್ನಿಗೆ ಹೋಯಿತು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಪೊಲೀಸರು. ಬೆದರಿಕೆ ಬಂದಿದೆ, ನಿಮ್ಮ ನಿಮ್ಮ ಚೀಲ ಹಿಡಿದು ಇಳಿಯಿರಿ ಎಂದರು.

ನಮ್ಮನ್ನು ನಿಲ್ಲಿಸಿದ್ದು ಪಾರ್ಕಿಂಗ್ ಜಾಗದಲ್ಲಿ, ಜೂನ್ ತಿಂಗಳ ಬಿಸಿಲಿನಲ್ಲಿ. ಡಾಂಬರಿನ ಮೇಲೆ ಸಾಲಾಗಿ ಚೀಲಗಳು, ಪ್ರತಿ ಚೀಲದ ಹಿಂದೆ ಮೂರು ಹೆಜ್ಜೆ ದೂರದಲ್ಲಿ ಅದರ ಒಡೆಯರು. ದೂರದಲ್ಲಿ ಹಳದಿ ಪಟ್ಟಿ ಕಟ್ಟಿದ್ದರು, ಅದರಾಚೆ ಕರೆದೊಯ್ಯಲು ಬಂದವರು. ನಮ್ಮವರ ನೀಲಿ ಅಂಗಿ ಕಂಡಿತು. ಮನೆಗಳ ತಲೆಯ ಮೇಲೆ, ನದಿಯಾಚೆಯ ಡೆಟ್ರಾಯಿಟ್‌ನ ಎತ್ತರದ ಕಟ್ಟಡಗಳೂ ಕಾಣುತ್ತಿದ್ದವು. ಅಲ್ಲಿಂದ ನಮ್ಮ ಮನೆ ಮೂವತ್ತು ಮೈಲಿಯೂ ಇಲ್ಲ.

ನನ್ನ ವಯಸ್ಸಿನವಳೇ ಒಬ್ಬ ಅಧಿಕಾರಿ, ಕೂದಲು ಬಿಗಿಯಾಗಿ ಕಟ್ಟಿದವಳು, ಸಾಲಿನಲ್ಲಿ ಬಂದಳು. ಚೀಲ ನಿಮ್ಮದೇ? ಹೌದು. ನೀವೇ ತುಂಬಿದ್ದೇ? ಹೌದು. ಬೇರೆ ಯಾರಾದರೂ ಏನಾದರೂ ಕೊಟ್ಟಿದ್ದಾರೆಯೇ?

"ನೋ," ಎಂದೆ.

ಅವಳು ಮುಂದಿನವರ ಬಳಿ ಹೋದಳು. ಅಷ್ಟು ಸುಲಭವಾಗಿ ನಾಲಿಗೆ ಆಡಿತ್ತು. ಹಿಂದೆಯೇ ನಾಯಿ ಬಂತು. ನನ್ನ ಸೂಟ್‌ಕೇಸಿನ ಸುತ್ತ ಒಮ್ಮೆ ಸುತ್ತಿತು, ಚಪಾತಿಯಿದ್ದ ಕೈಚೀಲದ ಬಳಿ ನಿಂತು ಮೂಸಿತು, ಹೋಯಿತು. ನನ್ನ ಬೆನ್ನಿನಿಂದ ಬೆವರು ಇಳಿದು ಸೊಂಟದಲ್ಲಿ ನಿಂತಿತ್ತು.

ನಾಯಿ ಹೋದ ಮೇಲೆ ಸಮಾಧಾನವಾಗಬೇಕಿತ್ತು. ಆಗಲೇ ನನಗೆ ಆಂಟಿಯ ಮಾತು ನೆನಪಾದದ್ದು. ಕೆಡವಬ್ಯಾಡ. ಒಂದು ಸಲವಲ್ಲ, ಮೂರು ಸಲ. ಬಟ್ಟೆಯಾದರೆ ಕೆಡವಿದರೇನು? ತಿಂಡಿಯಾದರೆ ಅಷ್ಟು ಭಾರವೇಕೆ? ಗಂಟನ್ನು ತಳಕ್ಕೆ ಹಾಕುವಾಗ ಬೆರಳಿಗೆ ಗುಂಡನೆಯ, ಗಟ್ಟಿಯಾದ ಲೋಹದ ಕೊಳವೆಯಂಥದ್ದು ಸಿಕ್ಕಿತ್ತಲ್ಲ. ಆ ಮುದುಕಿಯ ಹೆಸರು ಬಿಟ್ಟರೆ ನನಗೇನು ಗೊತ್ತು? ಮಗನನ್ನು ನಾನು ನೋಡಿಯೇ ಇಲ್ಲ. ಗಂಟು ಹೊಲಿದದ್ದು ಅವರೇ ಎಂದು ನನಗೆ ಹೇಗೆ ಗೊತ್ತು? ಅವರಿಗೂ ಯಾರೋ ಕೊಟ್ಟಿರಬಹುದಲ್ಲ, ನಾಲ್ಕು ಕೈ ದಾಟಿ ಬಂದಿರಬಹುದಲ್ಲ. ಹೀಗೆಲ್ಲ ಯೋಚಿಸಿದೆ. ನನ್ನನ್ನು ಲಿಫ್ಟಿನಲ್ಲಿ ಕಂಡಾಗಲೆಲ್ಲ ಗಲ್ಲ ಸವರಿ "ಉಂಡೇನವಾ" ಎಂದು ಕೇಳಿದವರ ಬಗ್ಗೆ, ಆ ಬಿಸಿಲಿನಲ್ಲಿ ನಿಂತು ಹೀಗೆ ಯೋಚಿಸಿದೆ ಎಂದು ಬರೆಯಲು ಈಗಲೂ ಕೈ ತಡೆಯುತ್ತದೆ.

ಒಂದು ಗಂಟೆಯಾದ ಮೇಲೆ ಒಬ್ಬೊಬ್ಬರಿಗೂ ಒಂದು ಫಾರ್ಮ್ ಕೊಟ್ಟರು. ಈ ಚೀಲದಲ್ಲಿರುವುದೆಲ್ಲ ನನ್ನದು, ನಾನೇ ತುಂಬಿದ್ದು, ಬೇರೆಯವರಿಗಾಗಿ ಏನನ್ನೂ ಒಯ್ಯುತ್ತಿಲ್ಲ. ಕೆಳಗೆ ಸಹಿ. ಸಹಿ ಮಾಡಿದವರು ಹಳದಿ ಪಟ್ಟಿ ದಾಟಿ ಹೋಗುತ್ತಿದ್ದರು. ನನ್ನ ಮುಂದಿನ ಐವರು ಹೋದರು. ಪೆನ್ನು ಹಿಡಿದು ನಿಂತೆ. ಫೋನು ಹೊಡೆದುಕೊಂಡಿತು.

"ಏನ್ ಯೋಚ್ನೆ ಮಾಡ್ತಿದೀಯ ಅಲ್ಲಿ? ನಂಗೆ ಕಾಣ್ತಿದೆ. ಸೈನ್ ಹಾಕಿ ಬಾ."

"ರೀ, ಬೇರೆಯವರದ್ದು ಏನೂ ಇಲ್ಲ ಅಂತ ಬರ್ದಿದೆ ಇದ್ರಲ್ಲಿ."

"ಬರ್ದಿರತ್ತೆ. ಎಲ್ಲರಿಗೂ ಅದೇ ಫಾರ್ಮ್."

"ಒಳಗೇನಿದೆ ಅಂತ ನಂಗೊತ್ತಿಲ್ಲ ರೀ."

"ಏನಿರತ್ತೆ? ಚಟ್ನಿಪುಡಿ ಇರತ್ತೆ!"

"ಚಟ್ನಿಪುಡಿ ಅಷ್ಟು ಭಾರ ಇರತ್ತಾ? ಕೊಳವೆ ಥರ ಇದೆ."

ನೀಲಿ ಅಂಗಿ ಪಟ್ಟಿಯ ಹತ್ತಿರಕ್ಕೆ ಬಂತು, ನಿಂತಿತು.

"ನೋಡು," ಎಂದರು, ದನಿ ತಗ್ಗಿಸಿ. "ಮೊದಲು ನೋ ಅಂದಿದೀಯ ತಾನೆ? ಈಗ ಹೇಳಿದ್ರೆ ಸುಳ್ಳು ಹೇಳಿದ್ಲು ಅಂತ ಬರ್ಕೋತಾರೆ. ಆ ಕಡೆಯವರಿಗೂ ತಿಳಿಸ್ತಾರೆ. ಟನಲ್‌ನಲ್ಲಿ ವಾಪಸ್ ಹೋಗು ಅಂದ್ರೆ ಏನ್ ಮಾಡ್ತೀಯ? ಪುಟ್ಟಿಗೆ ಏನ್ ಹೇಳ್ಲಿ ನಾನು?"

ಸಹಿ ಮಾಡಿದರೆ ಎರಡು ನಿಮಿಷದಲ್ಲಿ ಕಾರಿನಲ್ಲಿರುತ್ತಿದ್ದೆ. ಆದರೆ ಗಂಟೂ ಕಾರಿನಲ್ಲಿರುತ್ತಿತ್ತು, ನಮ್ಮ ಜೊತೆ, ಸುರಂಗದಲ್ಲಿ. ಶುಕ್ರವಾರದವರೆಗೆ ಮಗಳು ಮಲಗುವ ಮನೆಯಲ್ಲಿ. ಸುಳ್ಳನ್ನು ಬಾಯಲ್ಲಿ ಹೇಳಿದ್ದೆ, ಕೈಯಲ್ಲಿ ಬರೆಯಲು ಆಗಲಿಲ್ಲ. ಧರ್ಮಬುದ್ಧಿ ಎಂದು ಹೇಳಿಕೊಳ್ಳುವುದಿಲ್ಲ. ನನಗೆ ಆ ಗಂಟಿನದೇ ಹೆದರಿಕೆ ಹೆಚ್ಚಾಗಿತ್ತು.

"ಇಡ್ತೀನಿ ರೀ," ಎಂದು ಫೋನು ಇಟ್ಟು ಕೈ ಎತ್ತಿದೆ.

ಅಧಿಕಾರಿ ಬಂದಳು. ನನ್ನ ಇಂಗ್ಲಿಷ್ ಒಳ್ಳೆಯದೇ, ಆದರೂ ಎರಡು ಸಲ ತೊದಲಿದೆ. ಒಳಗೆ ಒಂದು ಗಂಟಿದೆ, ನನ್ನದಲ್ಲ, ಅಕ್ಕನ ಮೇಲಿನ ಮನೆಯವರು ಕೊಟ್ಟದ್ದು, ಇಟಾಸ್ಕಾಕ್ಕೆ ಹೋಗಬೇಕಾದದ್ದು, ಒಳಗೇನಿದೆ ನನಗೆ ಗೊತ್ತಿಲ್ಲ.

ಅವಳ ಮುಖ ಬದಲಾಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದಳು. ಮಿಕ್ಕವರನ್ನೆಲ್ಲ ದೂರದ ಮೂಲೆಗೆ ಸಾಗಿಸಿದರು. ನನ್ನನ್ನು ಬೇರೆ ಕಡೆ. ನನ್ನ ನೀರು ಕುಡಿದಿದ್ದ ಹೆಂಗಸು ಹೋಗುವಾಗ ತನ್ನ ಚೀಲವನ್ನು ನನ್ನ ಕಡೆಯಿಂದ ಆಚೆ ಕೈಗೆ ಬದಲಾಯಿಸಿಕೊಂಡರು. ತಪ್ಪು ಎನ್ನಲಾರೆ, ನಾನು ಒಂದು ಗಂಟೆಯಿಂದ ಆಂಟಿಗೆ ಮನಸ್ಸಿನಲ್ಲಿ ಮಾಡುತ್ತಿದ್ದದ್ದೂ ಅದನ್ನೇ.

ದಪ್ಪ ಕವಚ ತೊಟ್ಟ ಒಬ್ಬಾತ ಸೂಟ್‌ಕೇಸಿನ ಬಳಿ ಹೋದ. ಇಪ್ಪತ್ತೈದು ನಿಮಿಷ. ಫೋನು ಮುಟ್ಟಬಾರದೆಂದಿದ್ದರು, ಪರ್ಸಿನೊಳಗೆ ಅದು ಬಡಿದುಕೊಳ್ಳುತ್ತಲೇ ಇತ್ತು. ನಾನು ಏನನ್ನೂ ಪ್ರಾರ್ಥಿಸಲಿಲ್ಲ. ಅಕ್ಕನ ಮನೆಯ ಹಾಲು ಹೆಪ್ಪುಗಟ್ಟಿತೋ ಇಲ್ಲವೋ ಎಂದು ಯೋಚಿಸುತ್ತಿದ್ದೆ, ಅದೊಂದೇ.

ಕೊನೆಗೆ ಅಧಿಕಾರಿ ಬಂದಳು. ಅವಳ ತೋಳಿನ ಮೇಲೆಲ್ಲ ಬಿಳಿಯ ಪುಡಿ. ಕೈಯಲ್ಲಿ ಒಂದು ಹಿತ್ತಾಳೆಯ ಚಕ್ಕುಲಿ ಒರಳು.

ಹಳೆಯ ಕಾಲದ ಒರಳು. ಒಂದು ಕಡೆಯ ಹಿಡಿ ಕಿತ್ತುಹೋಗಿ ಯಾವಾಗಲೋ ಬೆಸುಗೆ ಹಾಕಿಸಿದ್ದರು. ಕೆಡವಬೇಡ ಎಂದದ್ದು ಅದಕ್ಕೆ. ಒರಳಿನ ಹೊಟ್ಟೆಯೊಳಗೆ ಬಾಯಿಯವರೆಗೂ ಚಕ್ಕುಲಿ ಹಿಟ್ಟು ಒತ್ತಿ ತುಂಬಿ, ಮೇಲೆ ಪ್ಲಾಸ್ಟಿಕ್ ಕಟ್ಟಿ, ಒತ್ತುವ ಹಿಡಿಯನ್ನೂ ಬಿಲ್ಲೆಗಳನ್ನೂ ಪಕ್ಕದಲ್ಲಿಟ್ಟು ಹೊಲಿದಿದ್ದರು. ಇದೇನು ಎಂದು ಅವಳು ಕೇಳಿದಳು. ಗಾಳಿಯಲ್ಲಿ ಎರಡೂ ಕೈಗಳಿಂದ ಒತ್ತಿ ಸುತ್ತು ಬಿಟ್ಟು ತೋರಿಸಿದೆ. ಒಳಗೆ ಹಿಟ್ಟು ಯಾಕೆ ತುಂಬಿದ್ದಾರೆ ಎಂದಳು.

"ನಾವು ಖಾಲಿ ಪಾತ್ರೆ ಕೊಡುವುದಿಲ್ಲ," ಎಂದೆ, ಇಂಗ್ಲಿಷಿನಲ್ಲಿ. ಯಾರ ಮನೆಯ ಡಬ್ಬಿ ತಿರುಗಿ ಕೊಡುವಾಗಲೂ ಒಂದು ಚಮಚ ಸಕ್ಕರೆಯಾದರೂ ಹಾಕಿಯೇ ಕೊಡುತ್ತೇವೆ ಎಂದು ವಿವರಿಸಿದೆ. ಅವಳು ಅದನ್ನು ಹಾಗೆಯೇ ಕಾಗದದ ಮೇಲೆ ಬರೆದುಕೊಂಡಳು. ನಗಲಿಲ್ಲ.

"ಮೊದಲು ನೋ ಎಂದದ್ದು ಯಾಕೆ?"

"ಹೆದರಿ," ಎಂದೆ. ಅದನ್ನೂ ಬರೆದಳು. ಕಾಗದದ ಒಂದು ಪ್ರತಿ ಕೊಟ್ಟು, ಆ ಕಡೆಯವರು ಕೇಳಿದರೆ ತೋರಿಸಿ ಎಂದಳು. ಹಿಟ್ಟು ವಾಪಸ್ ಕೊಡಲಿಲ್ಲ. ಸೀರೆಯ ತುಂಡನ್ನು ಮಾತ್ರ ಮಡಿಸಿ ಕೊಟ್ಟಳು.

ಕಾರಿನಲ್ಲಿ ನಮ್ಮವರು ಒರಳನ್ನು ನೋಡಿದರು, ನನ್ನನ್ನು ನೋಡಿದರು, ಸ್ಟಾರ್ಟ್ ಮಾಡಿದರು. ಸುರಂಗದ ಹಳದಿ ದೀಪಗಳ ಕೆಳಗೆ ಒಂದೇ ಮಾತು ಕೇಳಿದರು, "ಪತ್ರ ಇದೆಯಾ?" ಆರನೆಯ ಸಲ ಮುಟ್ಟಿ ನೋಡಿ "ಹ್ಞೂಂ" ಎಂದೆ.

ಸುರಂಗ ಮುಗಿದಲ್ಲಿ ಗೂಡಿನಲ್ಲಿದ್ದ ಗಡಿಯ ಅಧಿಕಾರಿ ಆ ರೈಲಿನಲ್ಲಿ ಇದ್ದಿರಾ ಎಂದು ಕೇಳಿದ. ಹೌದು ಎಂದೆ. ಕೇಳುವ ಮೊದಲೇ ಕಾಗದ ಕೊಟ್ಟೆ. ಓದಿದ, ಕಾರನ್ನು ಪಕ್ಕಕ್ಕೆ ಹಾಕಿಸಿದ, ನಮ್ಮನ್ನು ಒಳಗಿನ ಕೋಣೆಗೆ ಕಳಿಸಿದ. ಪ್ಲಾಸ್ಟಿಕ್ ಕುರ್ಚಿಗಳು. ಮಗಳಿಂದ ಮೆಸೇಜು ಬರುತ್ತಿತ್ತು, ಅಪ್ಪನ ಫೋನಿನ ಪರದೆಯ ಮೇಲೆ: ವೇರ್ ಆರ್ ಯೂ ಗೈಸ್? ಫೋನು ಬಳಸಬೇಡಿ ಎಂಬ ಹಲಗೆ ಎದುರಿಗಿತ್ತು. ಅವರು ಫೋನನ್ನು ಮಗುಚಿ ತೊಡೆಯ ಮೇಲೆ ಇಟ್ಟುಕೊಂಡರು.

ಐವತ್ತು ನಿಮಿಷದ ಮೇಲೆ ನನ್ನೊಬ್ಬಳನ್ನೇ ಕರೆದರು. ಕಿಟಕಿಯ ಹಿಂದಿನಾತ ನನ್ನ ಅನುಮತಿ ಪತ್ರವನ್ನು ಒಂದು ಕಡೆ, ಆ ಕಾಗದವನ್ನು ಇನ್ನೊಂದು ಕಡೆ ಇಟ್ಟುಕೊಂಡಿದ್ದ. ಖಾಲಿ ಪಾತ್ರೆ ಕೊಡುವುದಿಲ್ಲ ಎಂದರೇನು ಎಂದು ಕೇಳಿದ. ಮತ್ತೆ ಹೇಳಿದೆ. ಮೊದಲು ಸುಳ್ಳು ಹೇಳಿದವರು ಆಮೇಲೆ ಯಾಕೆ ಹೇಳಿದಿರಿ ಎಂದ. ಒಳಗೇನಿದೆ ಎಂದು ನನಗೇ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಮನೆಗೆ ಒಯ್ಯಲು ಭಯವಾಯಿತು ಎಂದೆ. ಆತ ಬಹಳ ಹೊತ್ತು ಪರದೆ ನೋಡಿದ. ಏನೋ ಟೈಪು ಮಾಡಿದ. ಮುದ್ರೆಯನ್ನು ಕೈಗೆತ್ತಿಕೊಂಡು, ಇಟ್ಟು, ಎದ್ದು ಒಳಗೆ ಹೋಗಿ ಬಂದ. ಕುಳಿತು ಮುದ್ರೆ ಒತ್ತಿದ. ಇನ್ನು ಮುಂದೆ ಯಾರ ಗಂಟನ್ನೂ ಒಯ್ಯಬೇಡಿ ಎಂದ.

ಹೈವೇ ಹತ್ತಿ ಎರಡು ಎಕ್ಸಿಟ್ ದಾಟಿದ ಮೇಲೆ ನಮ್ಮವರು, "ನೋ ಅನ್ನು ಅಂತ ಹೇಳಿಕೊಟ್ಟಿದ್ದೇ ನಾನು," ಎಂದರು. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅವರ ಕೈಗೆ ಕೊಟ್ಟೆ.

ಮನೆ ಸೇರಿದಾಗ ಐದೂವರೆ. ಮಗಳು ಬಾಗಿಲಲ್ಲೇ ಅಪ್ಪಿಕೊಂಡು, "ಅಮ್ಮ, ಯೂ ಸ್ಮೆಲ್ ಲೈಕ್ ಪಲ್ಯ," ಎಂದಳು. ಕೈಕಾಲು ತೊಳೆದು ಮೊದಲು ಆಂಟಿಗೆ ಫೋನು ಮಾಡಿದೆ. ರೈಲು ತಪಾಸಣೆ ಮಾಡಿದರು, ಗಂಟು ಬಿಚ್ಚಿದರು, ಹಿಟ್ಟು ಹೋಯಿತು, ಒರಳು ಸುಖವಾಗಿದೆ ಎಂದಷ್ಟೇ ಹೇಳಿದೆ.

"ಹಿಡಿ ಮುರಿದಿಲ್ಲಲ್ಲಾ? ನಮ್ಮತ್ತಿದು ಅದು," ಎಂದರು. "ಹಿಟ್ಟು ಹೋದ್ರ ಹೋಗ್ಲಿ ಬಿಡವಾ. ನಿನಗೇನೂ ತ್ರಾಸ ಕೊಡ್ಲಿಲ್ಲಲ್ಲ?"

"ಇಲ್ಲ ಆಂಟಿ."

"ಖಾಲಿ ಒರಳ ಮಾತ್ರ ಕೊಡಬ್ಯಾಡ ಮತ್ತ ಆಕಿಗೆ."

ಅವರ ಬಗ್ಗೆ ನಾನು ಏನೇನು ಯೋಚಿಸಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಫೋನು ಇಟ್ಟು ಒರಳನ್ನು ತೊಳೆದು ಒರೆಸಿ ಸಕ್ಕರೆ ತುಂಬಿದೆ. ಹೊಲಿಯಲಿಲ್ಲ. ಕಾಣುವ ಪ್ಲಾಸ್ಟಿಕ್ ಚೀಲದಲ್ಲಿಟ್ಟೆ. ಒಳಗೇನಿದೆ, ಯಾರು ತುಂಬಿದ್ದು, ಯಾರಿಗೆ ಎಂದು ನಮ್ಮವರು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿದರು. ಸೀರೆಯ ತುಂಡನ್ನು ಒಗೆದು ಒಣಹಾಕಿದೆ. ಅದೂ ಅದರ ಜೊತೆಗೇ ಹೋಗಬೇಕು.

ದಾರಿಗೆಂದು ಕಟ್ಟಿದ್ದ ಆರು ಚಪಾತಿ ಹಾಗೆಯೇ ಇದ್ದವು. ಕಾವಲಿಯ ಮೇಲೆ ಬಿಸಿ ಮಾಡಿ ಎರಡೆರಡು ತಿಂದೆವು. ಮಗಳು ಕುಕ್ಕರಿನಲ್ಲಿ ಅನ್ನ ಇಟ್ಟಿದ್ದಳು, ಮೊಸರು ಕಲಸಿಕೊಂಡು ನಿಂಬೆ ಉಪ್ಪಿನಕಾಯಿಯ ಜೊತೆ ಉಂಡೆವು. ಈ ಮನೆಯಲ್ಲಿ ಎಲ್ಲರ ಕೊನೆಗೆ ಮಲಗುವವಳು ನಾನು, ದೀಪ ಆರಿಸಿ, ಬಾಗಿಲು ನೋಡಿ. ಅಂದು ಹೊರಗೆ ಇನ್ನೂ ಬೆಳಕಿತ್ತು, ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು, ಪಾತ್ರೆಗಳು ಸಿಂಕಿನಲ್ಲೇ ಇದ್ದವು. ಮೊದಲು ಮಲಗಿದವಳು ನಾನು.